ಹುಟ್ಟುಗುಣ, ಹೊಲದ ಗುಣ

ಸಂಘದ ಸಂಚಿಕೆಗೆ ಕವಿತೆಗಳು ಬೇಕಾದಷ್ಟು ಬಂದಿವೆ, ನೀನು ಬೇರೆ ಏನಾದರೂ ಬರೆದು ಕೊಡು ಅಂತ ಸಂಪಾದಕರು ಗಂಟುಬಿದ್ದರು. ನಾನು ಎಸ್.ವೈ.ಬಿ.ಕಾಂ. ಹುಡುಗಿ, ಜಮಾಖರ್ಚು ಬಿಟ್ಟರೆ ನನಗೇನು ಗೊತ್ತು ಎಂದೆ. "ಸಿಟ್ಟು ಬಂದದ್ದರ ಬಗ್ಗೆ ಬರಿ" ಎಂದರು. ಹಾಗಾದರೆ ಒಂದು ಸಂಗತಿ ಇದೆ, ಬರೆಯುತ್ತೇನೆ.

ಹೋದ ವರ್ಷ ಸ್ಟ್ಯಾಟಿಸ್ಟಿಕ್ಸಿನ ಮೊದಲ ಟೆಸ್ಟಿನಲ್ಲಿ ನನಗೆ ಬಂದದ್ದು ೫೦ಕ್ಕೆ ೧೪. ನಮ್ಮ ಬೆಂಚಿನಲ್ಲಿ ಮೂವರು, ಮೂವರೂ ಜತ್ತ, ಅಕ್ಕಲಕೋಟ ಕಡೆಯ ಕನ್ನಡ ಶಾಲೆಗಳಿಂದ ಬಂದವರು, ಮೂವರದೂ ಹೆಚ್ಚುಕಡಿಮೆ ಅದೇ ಹಣೆಬರಹ. ಪೇಪರು ಹಂಚುವಾಗ ಒಬ್ಬರು (ಯಾರು ಎಂಬುದು ಇಲ್ಲಿ ಮುಖ್ಯವಲ್ಲ) ನಮ್ಮ ಕಡೆ ನೋಡಿ ಮರಾಠಿಯಲ್ಲಿ ಹೇಳಿದರು: "ಲೆಕ್ಕ ಅನ್ನೋದು ರಕ್ತದಲ್ಲೇ ಇರಬೇಕಾಗುತ್ತದೆ." ಕ್ಲಾಸು ನಕ್ಕಿತು. ನಾವೂ ನಕ್ಕೆವು. ನಾವೂ ನಕ್ಕೆವಲ್ಲ, ಅದೇ ನನಗೆ ಈಗಲೂ ನಾಚಿಕೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಇದೇನು ಹೊಸ ಮಾತಲ್ಲ, ನಮ್ಮೂರಿನ ಕಟ್ಟೆಯ ಮೇಲೂ ಕೇಳಿದ್ದೇನೆ. ಹುಟ್ಟುಗುಣ ಸುಟ್ಟರೂ ಹೋಗದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಯಾರಾದರೂ ಕಳವು ಮಾಡಿದರೆ "ಅವರ ಜಾತಿಯೇ ಹಂಗ", ಯಾರಾದರೂ ಪಾಸಾದರೆ "ಅವರ ಮನೆತನವೇ ಹಂಗ." ನನಗೆ ಮರಾಠಿಯಲ್ಲಿ ಒಂದು ಸಲ ಹೇಳಿದ್ದನ್ನು ನಮ್ಮವರು ಕನ್ನಡದಲ್ಲಿ ಎಷ್ಟೋ ಜನಕ್ಕೆ ಎಷ್ಟೋ ಕಾಲದಿಂದ ಹೇಳುತ್ತ ಬಂದಿದ್ದಾರೆ. ಹಾಗಾದರೆ ಈ ಮಾತಿನಲ್ಲಿ ನಿಜ ಎಷ್ಟು? ಒಂದೇ ಊರಿನ ಒಂದೇ ವಯಸ್ಸಿನ ಹುಡುಗಿಯರಲ್ಲಿ ಒಬ್ಬಳು ಎತ್ತರ, ಒಬ್ಬಳು ಗಿಡ್ಡ, ಒಬ್ಬಳು ಚುರುಕು, ಒಬ್ಬಳು ಮಂದ ಯಾಕೆ? ಅದರಲ್ಲಿ ಹುಟ್ಟಿನ ಪಾಲು ಎಷ್ಟು, ಬೆಳೆದ ರೀತಿಯ ಪಾಲು ಎಷ್ಟು ಅಂತ ಅಳೆಯಲು ಬರುತ್ತದೆಯೇ? ಇದನ್ನು ತಿಳಿಯಲೇಬೇಕು ಅಂತ ಲೈಬ್ರರಿಗೆ ಹೋದೆ.

ಅಲ್ಲಿ ಗೊತ್ತಾದ ಮೊದಲ ಸಂಗತಿಯೇ ನನ್ನನ್ನು ಬೆರಗುಗೊಳಿಸಿತು. ನಾವು ಕಾಮರ್ಸಿನವರು ಧಾರಣೆ, ಉತ್ಪಾದನೆ, ಶೇರುಗಳಿಗೆ ಹಚ್ಚುವ ಈ ಸ್ಟ್ಯಾಟಿಸ್ಟಿಕ್ಸಿನ ಮುಖ್ಯ ಸಲಕರಣೆಗಳು ಬಜಾರಿನಲ್ಲಿ ಹುಟ್ಟಿದವಲ್ಲ. ಅವು ಜೀವಿಗಳ ಮೈಯನ್ನು ಅಳೆಯುತ್ತ ಅಳೆಯುತ್ತ ಹುಟ್ಟಿದವು. ೧೮೩೫ರಲ್ಲಿ ಬೆಲ್ಜಿಯಂ ದೇಶದ ಕೆತ್ಲೆ ಎಂಬುವರು "ಸರಾಸರಿ ಮನುಷ್ಯ" ಎಂಬ ಕಲ್ಪನೆ ತಂದರು. ಅವರ ದೃಷ್ಟಿಯಲ್ಲಿ ಸರಾಸರಿಯೇ ನಿಸರ್ಗದ ಗುರಿ, ಅದರಿಂದ ಆಚೀಚೆ ಸರಿದದ್ದೆಲ್ಲ ಗುರಿ ತಪ್ಪಿದ ಬಾಣ. ೧೮೫೯ರಲ್ಲಿ ಡಾರ್ವಿನ್ ಇದನ್ನು ತಲೆಕೆಳಗು ಮಾಡಿದರು. ಒಂದೇ ಜಾತಿಯ ಜೀವಿಗಳ ನಡುವಿನ ಸಣ್ಣಪುಟ್ಟ ಭೇದಗಳೇ ಇಲ್ಲದಿದ್ದರೆ ನಿಸರ್ಗ ಆರಿಸುವುದಾದರೂ ಯಾವುದನ್ನು? ಭೇದವೇ ಬಂಡವಾಳ ಎಂದಾಯಿತು. ಡಾರ್ವಿನ್ನರ ಸಂಬಂಧಿಕ ಗಾಲ್ಟನ್ ಆ ಭೇದವನ್ನು ಅಳೆಯಲು ಕೂತರು. ೧೮೮೬ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ೨೦೫ ಜೋಡಿ ತಂದೆತಾಯಿ, ಅವರ ೯೨೮ ಬೆಳೆದ ಮಕ್ಕಳ ಎತ್ತರ ಇದೆ. ಹೆಂಗಸರ ಎತ್ತರವನ್ನು ೧.೦೮ರಿಂದ ಗುಣಿಸಿ ಗಂಡಸರ ಅಳತೆಗೆ ತಂದರು. ಆಗ ಕಂಡದ್ದು ಇಷ್ಟು: ಬಹಳ ಎತ್ತರದ ತಂದೆತಾಯಿಯರ ಮಕ್ಕಳು ಎತ್ತರವೇ, ಆದರೆ ಸರಾಸರಿಯಿಂದ ಅವರ ದೂರ ತಂದೆತಾಯಿಯರದರ ಸುಮಾರು ಮೂರನೆಯ ಎರಡು ಪಾಲು ಮಾತ್ರ. ಗಿಡ್ಡವರ ಮಕ್ಕಳೂ ಹಾಗೆಯೇ ನಡುವಿನ ಕಡೆಗೆ ಸರಿಯುತ್ತಾರೆ. ನಮ್ಮ ಸಿಲಬಸ್ಸಿನ ರಿಗ್ರೆಶನ್ ಎಂದರೆ ಇದೇ! ಸ್ಟ್ಯಾಂಡರ್ಡ್ ಡೀವಿಯೇಶನ್ ಎಂಬ ಹೆಸರನ್ನು ೧೮೯೦ರ ದಶಕದಲ್ಲಿ ಕಾರ್ಲ್ ಪಿಯರ್ಸನ್ ಕೊಟ್ಟರು. ವೇರಿಯನ್ಸ್ ಎಂಬ ಪದವನ್ನು ೧೯೧೮ರಲ್ಲಿ ಫಿಶರ್ ತಂದರು, ಅದೂ ಬಂಧುಗಳ ನಡುವಿನ ಹೋಲಿಕೆಯ ಲೆಕ್ಕಕ್ಕೆ.

ಭೇದವನ್ನು ಅಳೆಯುವುದು ಎಂದರೇನು ಅಂತ ಕಲಾ ವಿಭಾಗದ ಗೆಳತಿಯರಿಗಾಗಿ ಒಂದು ಉದಾಹರಣೆ. ಎರಡು ಹೊಲದಿಂದ ಐದೈದು ಜೋಳದ ತೆನೆ ತಂದು ಕಾಳು ತೂಗಿದೆವು ಎನ್ನಿ. ಒಂದರಲ್ಲಿ ೫೮, ೫೯, ೬೦, ೬೧, ೬೨ ಗ್ರಾಂ. ಇನ್ನೊಂದರಲ್ಲಿ ೨೦, ೪೦, ೬೦, ೮೦, ೧೦೦ ಗ್ರಾಂ. ಎರಡರ ಸರಾಸರಿಯೂ ೬೦. ಸರಾಸರಿ ಮಾತ್ರ ಕೇಳಿದವನಿಗೆ ಎರಡೂ ಹೊಲ ಒಂದೇ. ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದರೆ ಮೊದಲನೆಯದರಲ್ಲಿ ಸುಮಾರು ೧.೪, ಎರಡನೆಯದರಲ್ಲಿ ೨೮ರ ಮೇಲೆ. ಆನೆಯ ತೂಕದ ಏರುಪೇರನ್ನೂ ಇಲಿಯ ತೂಕದ ಏರುಪೇರನ್ನೂ ಹೋಲಿಸಬೇಕಾದರೆ ಕಿಲೋ, ಗ್ರಾಂ ನೇರವಾಗಿ ಹೋಲಿಸಲು ಬರುವುದಿಲ್ಲ. ಆಗ ಅದನ್ನು ಅವುಗಳದೇ ಸರಾಸರಿಯಿಂದ ಭಾಗಿಸಿ ನೂರಕ್ಕೆ ಇಷ್ಟು ಎಂದು ಹೇಳುತ್ತಾರೆ. ನಮ್ಮ ತೆನೆಗಳಲ್ಲಿ ಒಂದು ನೂರಕ್ಕೆ ೨.೪, ಇನ್ನೊಂದು ನೂರಕ್ಕೆ ೪೭. ಇಷ್ಟೇ ಇದರ ಗುಟ್ಟು.

ಆದರೆ ಈ ೪೭ ಎಲ್ಲಿಂದ ಬಂತು? ಬೀಜದಿಂದಲೋ ಮಣ್ಣಿನಿಂದಲೋ? ಅಂಕಿ ಅದನ್ನು ತಾನಾಗಿ ಹೇಳುವುದಿಲ್ಲ. ಇಲ್ಲಿ ನನಗೆ ನಮ್ಮ ಅಜ್ಜಿ ನೆನಪಾದಳು.

ನಮ್ಮದು ಹಿಂಗಾರಿ ಜೋಳದ ಸೀಮೆ. ರಾಶಿಗೆ ಮೊದಲು ಬೀಜಕ್ಕೆ ತೆನೆ ಆರಿಸುವ ಕೆಲಸ ಅಜ್ಜಿಯದು. ನಾನು ಆರನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಹೊಲವೆಲ್ಲ ಸುತ್ತಿ ಎಲ್ಲಕ್ಕಿಂತ ದಪ್ಪ ತೆನೆ ಮುರಿದು ತಂದು ಅವಳ ಮುಂದೆ ಹಿಡಿದೆ. ಅಜ್ಜಿ ತೆನೆ ನೋಡಲಿಲ್ಲ. "ಎಲ್ಲಿಂದ ತಂದಿ?" ಎಂದಳು. ತಿಪ್ಪೆಯ ಹತ್ತಿರ, ಬದುವಿನ ಬಾಜೂಕ ಎಂದೆ. ತೆಗೆದು ತಿನ್ನುವ ರಾಶಿಗೆ ಒಗೆದಳು. "ಅಲ್ಲವ್ವಾ, ಅದು ತಿಪ್ಪಿ ತಿಂದು ದಪ್ಪ ಆಗೇದ. ಬದುವಿನ ಮ್ಯಾಗ ಒಂದೇ ನಿಂತಿತ್ತು, ಬಿಸಲು, ನೀರು ಎಲ್ಲಾ ಅದಕ್ಕs. ಅದು ಬೀಜದ ಗುಣ ಅಲ್ಲ. ನಡು ಹೊಲದಾಗ ಎಲ್ಲಾರ ಸಂಗಾಟ ನಿಂತು ದಪ್ಪ ಆಗಿದ್ದು ತಾ." ನನಗೆ ಅಳು ಬಂದಿತ್ತು. ಈಗ ಯೋಚಿಸಿದರೆ ಇಡೀ ಶಾಸ್ತ್ರದ ತಿರುಳೇ ಆ ಮಾತಿನಲ್ಲಿದೆ ಅನ್ನಿಸುತ್ತದೆ.

ಡೆನ್ಮಾರ್ಕಿನ ಯೋಹಾನ್ಸನ್ ೧೯೦೩ರಲ್ಲಿ ಪ್ರಕಟಿಸಿದ್ದು ಬಹುಮಟ್ಟಿಗೆ ಇದನ್ನೇ. ಅವರು ಹಿಡಿದದ್ದು ಅವರೆಯ ಜಾತಿಯ ಒಂದು ಕಾಳು, ತನ್ನ ಹೂವಿನಲ್ಲಿ ತಾನೇ ಪರಾಗ ಪಡೆಯುವ ಗಿಡ. ಒಂದೊಂದು ಕಾಳಿನಿಂದ ಒಂದೊಂದು ವಂಶದಂತೆ ೧೯ ವಂಶ ಬೆಳೆಸಿದರು. ಒಂದೇ ವಂಶದೊಳಗೆ ದಪ್ಪ ಕಾಳು ಬಿತ್ತಿದರೂ ಅಷ್ಟೇ, ಸಣ್ಣ ಕಾಳು ಬಿತ್ತಿದರೂ ಅಷ್ಟೇ, ಮುಂದಿನ ಬೆಳೆಯ ಸರಾಸರಿ ಬದಲಾಗಲಿಲ್ಲ. ವಂಶ ವಂಶಗಳ ನಡುವೆ ಮಾತ್ರ ಭೇದ ಉಳಿಯಿತು. ಅಂದರೆ ವಂಶದೊಳಗಿನ ಏರುಪೇರು ಹೊಲದ್ದು, ವಂಶಗಳ ನಡುವಿನದು ಬೀಜದ್ದು. ಕಣ್ಣಿಗೆ ಕಾಣುವ ರೂಪಕ್ಕೆ ಫೀನೋಟೈಪ್, ಒಳಗಿನ ಗುಣಸಂಪತ್ತಿಗೆ ಜೀನೋಟೈಪ್ ಎಂದು ೧೯೦೯ರಲ್ಲಿ ಹೆಸರಿಟ್ಟವರೂ ಅವರೇ. ಜೀನ್ ಎಂಬ ಪದವೂ ಅವರದೇ.

ಬೀಜದ ಭೇದ ಹುಟ್ಟುವ ಬಗೆಯೂ ಸ್ವಾರಸ್ಯವಾಗಿದೆ. ಒಂದು, ಜೀನುಗಳನ್ನು ನಕಲು ಮಾಡುವಾಗ ಆಗುವ ತಪ್ಪು. ನಮ್ಮಲ್ಲಿ ಪ್ರತಿಯೊಬ್ಬರಲ್ಲೂ ತಂದೆತಾಯಿ ಇಬ್ಬರಲ್ಲೂ ಇರದ ಇಂಥ ಹೊಸ ಬದಲಾವಣೆ ಸುಮಾರು ೬೦–೭೦ ಇರುತ್ತವೆ. ಹೆಚ್ಚಿನವು ಏನೂ ಮಾಡುವುದಿಲ್ಲ. ಇನ್ನೊಂದು, ಇಸ್ಪೀಟಿನ ಎಲೆ ಕಲೆಸಿದ ಹಾಗೆ ಕಲೆಸುವಿಕೆ. ಮನುಷ್ಯರಲ್ಲಿ ೨೩ ಜೋಡಿ ಕ್ರೋಮೋಸೋಮು. ಪ್ರತಿ ಜೋಡಿಯಿಂದ ಒಂದೊಂದು ಮಗುವಿಗೆ ಹೋಗುತ್ತದೆ. ಎರಡನ್ನು ೨೩ ಸಲ ಗುಣಿಸಿ ನೋಡಿದೆ: ೮೩,೮೮,೬೦೮. ನಮ್ಮ ಹಿರಿಯರು ಹೇಳುವ ೮೪ ಲಕ್ಷ ಯೋನಿಯ ಹತ್ತಿರ ಹತ್ತಿರ ಬಂತಲ್ಲ ಅಂತ ನಗು ಬಂತು. (ಇದು ಬರೀ ಅಂಕಿಯ ಚೋದ್ಯ, ಶಾಸ್ತ್ರದಲ್ಲಿ ಮೊದಲೇ ಇತ್ತು ಎಂದು ಯಾರೂ ಹೊರಡಬಾರದು.) ತಾಯಿಯದು ಅಷ್ಟು, ತಂದೆಯದು ಅಷ್ಟು, ಎರಡೂ ಗುಣಿಸಿದರೆ ೭೦ ಲಕ್ಷ ಕೋಟಿ ಬಗೆ. ಜೋಡಿಗಳ ನಡುವೆಯೇ ತುಂಡುಗಳು ಅದಲುಬದಲಾಗುವುದನ್ನು ಇದರಲ್ಲಿ ಹಿಡಿದಿಲ್ಲ. ಒಂದೇ ಮನೆಯ ಅಕ್ಕತಂಗಿಯರು ಬೇರೆ ಬೇರೆ ಇರುವುದರಲ್ಲಿ ಏನು ಆಶ್ಚರ್ಯ?

ಆದ್ದರಿಂದ ಹುಟ್ಟುಗುಣ ಎಂಬುದೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಮ್ಮ ಸೋಲಾಪುರ ಸೀಮೆಯ ಮಾಲದಂಡಿ ಜೋಳವೇ ನಗುತ್ತದೆ. ೧೯೩೦ರ ದಶಕದಲ್ಲಿ ಮೋಹೋಳದ ಕೇಂದ್ರದಲ್ಲಿ ಊರ ಜೋಳದೊಳಗಿಂದ ಆರಿಸಿ ಆರಿಸಿ ತೆಗೆದ ಎಂ ೩೫–೧ ತಳಿಯನ್ನು ನಮ್ಮ ಕಡೆ ಇವತ್ತಿಗೂ ಬಿತ್ತುತ್ತಾರೆ. ಊರ ಜೋಳದಲ್ಲಿ ಬೀಜದ ಭೇದ ಇದ್ದದ್ದರಿಂದಲೇ ಆರಿಸಲು ಬಂತು. ನನ್ನ ತಕರಾರು ಇರುವುದು ಬೇರೆ ಕಡೆ: ಹುಟ್ಟಿನ ಪಾಲನ್ನು ಅಳೆಯದೆ ಹೇಳುವವರ ಮೇಲೆ, ಮತ್ತು ಅಳೆದದ್ದನ್ನು ತಪ್ಪಾಗಿ ಓದುವವರ ಮೇಲೆ.

ಅಳೆಯುವ ರೀತಿ ಫಿಶರ್ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಹೊಲಗಳಲ್ಲಿ ೧೯೧೯ರ ನಂತರ ಕೂತು ಬೆಳೆಸಿದ್ದು. ಹೊಲವನ್ನು ತುಂಡುಗಳಾಗಿ ಮಾಡು, ಯಾವ ತುಂಡಿಗೆ ಯಾವ ಬೀಜ ಅಂತ ಚೀಟಿ ಎತ್ತಿ ನಿರ್ಧರಿಸು, ಒಂದೇ ಬೀಜವನ್ನು ಹಲವು ತುಂಡಿನಲ್ಲಿ ಹಾಕು, ಆಮೇಲೆ ಒಟ್ಟು ಭೇದವನ್ನು ಬೀಜದ ಪಾಲು, ಮಣ್ಣಿನ ಪಾಲು, ಲೆಕ್ಕಕ್ಕೆ ಸಿಗದ ಪಾಲು ಎಂದು ಹಂಚು. ಭಾಗೀದಾರರಿಗೆ ಲಾಭ ಹಂಚಿದ ಹಾಗೆ! ಇದರಲ್ಲಿ ಬೀಜಕ್ಕೆ ಬಂದ ಪಾಲನ್ನು ಹೆರಿಟೆಬಿಲಿಟಿ ಎನ್ನುತ್ತಾರೆ.

ಆದರೆ ಎಲ್ಲರೂ ಎಡವುವುದು ಇಲ್ಲಿಯೇ. ಆ ಪಾಲು ಒಂದು ಹೊಲದ ಒಂದು ಬೆಳೆಯದು, ಒಂದು ಗಿಡದ್ದಲ್ಲ. ಎತ್ತರದ ಹೆರಿಟೆಬಿಲಿಟಿ ಒಂದು ಸಮಾಜದಲ್ಲಿ ನೂರಕ್ಕೆ ೮೦ ಎಂದರೆ ನನ್ನ ಐದು ಅಡಿಯಲ್ಲಿ ನಾಲ್ಕು ಅಡಿ ಅವ್ವ ಅಪ್ಪ ಕೊಟ್ಟದ್ದು, ಒಂದು ಅಡಿ ರೊಟ್ಟಿ ಕೊಟ್ಟದ್ದು ಅಂತ ಅರ್ಥವಲ್ಲ. ಆ ಜನರ ನಡುವೆ ಇರುವ ಭೇದದಲ್ಲಿ ಅಷ್ಟು ಪಾಲು ಹುಟ್ಟಿನ ಭೇದದಿಂದ ಎಂದು ಮಾತ್ರ. ಹೊಲ ಬದಲಾದರೆ ಲೆಕ್ಕವೇ ಬದಲು. ದಕ್ಷಿಣ ಕೊರಿಯಾದಲ್ಲಿ ೧೮೯೬ರಲ್ಲಿ ಹುಟ್ಟಿದ ಹೆಂಗಸರಿಗಿಂತ ೧೯೯೬ರಲ್ಲಿ ಹುಟ್ಟಿದವರು ಸರಾಸರಿ ಸುಮಾರು ೨೦ ಸೆಂಟಿಮೀಟರು ಎತ್ತರ ಎಂದು ೨೦೧೬ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ನೂರು ವರ್ಷದಲ್ಲಿ ರಕ್ತ ಬದಲಾಗಲಿಲ್ಲ. ಊಟ ಬದಲಾಯಿತು, ರೋಗರುಜಿನ ಕಡಿಮೆಯಾಯಿತು. ಎತ್ತರದಂಥ ಹುಟ್ಟುಗುಣದ ಗತಿಯೇ ಹೀಗಾದರೆ, ಇನ್ನು ಮಾರ್ಕಿನ ಮಾತೇನು?

೧೯೭೦ರಲ್ಲಿ ಅಮೆರಿಕದ ಲೆವಾಂಟಿನ್ ಇದನ್ನು ಬೀಜದ ಉದಾಹರಣೆಯಿಂದಲೇ ವಿವರಿಸಿದ್ದರು. ನಮ್ಮ ಹೊಲದ ಮಾತಿನಲ್ಲಿ ಹೇಳುತ್ತೇನೆ. ಒಂದೇ ಚೀಲದಿಂದ ಬೆರಕೆ ಬೀಜ ಒಂದು ಹಿಡಿ ತೆಗೆದು ಎರೆಯಲ್ಲಿ ಬಿತ್ತು, ಇನ್ನೊಂದು ಹಿಡಿ ಮಡ್ಡಿಯಲ್ಲಿ ಬಿತ್ತು. ಎರೆಯ ತುಂಡಿನೊಳಗೆ ಮಣ್ಣು ಎಲ್ಲ ಕಡೆ ಒಂದೇ ಸಮ ಇದ್ದರೆ, ಅಲ್ಲಿಯ ಗಿಡಗಳ ನಡುವಿನ ಭೇದ ಪೂರ್ತಿ ಬೀಜದ್ದು. ಮಡ್ಡಿಯೊಳಗೂ ಹಾಗೆಯೇ. ಆದರೆ ಎರೆಯ ಸರಾಸರಿಗೂ ಮಡ್ಡಿಯ ಸರಾಸರಿಗೂ ಇರುವ ಭೇದ ಪೂರ್ತಿ ಮಣ್ಣಿನದು! ಎರೆಯ ಹೊಲದವನು ಬಂದು ಮಡ್ಡಿಯ ಜೋಳಕ್ಕೆ "ನಿನ್ನ ಬೀಜವೇ ಕೆಟ್ಟದ್ದು" ಎಂದರೆ ಹೇಗೋ, ಇಂಗ್ಲಿಷ್ ಶಾಲೆಯ ಸರಾಸರಿಯನ್ನೂ ಗಡಿಯ ಕನ್ನಡ ಶಾಲೆಯ ಸರಾಸರಿಯನ್ನೂ ಪಕ್ಕಪಕ್ಕ ಇಟ್ಟು ರಕ್ತದ ಮಾತಾಡುವುದೂ ಹಾಗೆಯೇ.

ಈ ತಪ್ಪು ದಡ್ಡರು ಮಾಡಿದ್ದಲ್ಲ ಎಂಬುದೇ ಹೆದರಿಕೆಯ ಸಂಗತಿ. ಯೂಜೆನಿಕ್ಸ್ ಎಂಬ ಪದವನ್ನು ೧೮೮೩ರಲ್ಲಿ ಹುಟ್ಟಿಸಿದವರು ಇದೇ ಗಾಲ್ಟನ್. ಪಿಯರ್ಸನ್, ಫಿಶರ್ ಇಬ್ಬರೂ ಲಂಡನ್ನಿನಲ್ಲಿ ಆ ಹೆಸರಿನ ಪೀಠದಲ್ಲಿ ಪ್ರೊಫೆಸರರಾಗಿದ್ದರು. ತಕ್ಕಡಿ ಮಾಡಿದವರೇ ತೂಕ ತಪ್ಪಿ ಹೇಳಿದರು. ನಮ್ಮ ದೇಶದಲ್ಲಿ ೧೯೦೧ರ ಜನಗಣತಿಯ ಮುಖ್ಯಸ್ಥ ರಿಸ್ಲೆ ಮೂಗಿನ ಅಗಲ ಅಳೆದು ಜಾತಿಯ ಮೇಲುಕೀಳು ವಿವರಿಸಲು ಹೊರಟಿದ್ದರು. ಅವರ ಅಂಕಿಗಳನ್ನು ೧೯೩೩ರಲ್ಲಿ ಮತ್ತೆ ಪರಿಶೀಲಿಸಿ ತಪ್ಪುಗಳನ್ನು ತೋರಿಸಿದವರು ಪ್ರಶಾಂತಚಂದ್ರ ಮಹಾಲನೋಬಿಸ್. ಹಲವು ಅಳತೆಗಳನ್ನು ಒಟ್ಟಿಗೆ ಹಿಡಿದು ಎರಡು ಗುಂಪುಗಳ ನಡುವಿನ ಅಂತರ ಹೇಳುವ ಅವರ ಸೂತ್ರ ೧೯೩೬ರದು, ಈಗ ಲೋಕವೆಲ್ಲ ಬಳಸುತ್ತದೆ. ಇನ್ನು ನಮ್ಮ ಪುಣೆಯವರೇ ಆದ ಇರಾವತಿ ಕರ್ವೆ. ಅವರು ಬರ್ಲಿನ್ನಿಗೆ ಹೋಗಿ, ಜನಾಂಗಗಳ ಮೇಲುಕೀಳನ್ನು ನಂಬಿದ್ದ ಓಯ್ಗನ್ ಫಿಶರ್ (ಹಿಂದೆ ಹೇಳಿದ ಫಿಶರ್ ಬೇರೆ) ಎಂಬ ಗುರುವಿನ ಕೈಕೆಳಗೆ ತಲೆಬುರುಡೆಗಳನ್ನು ಅಳೆದರು. ಬುರುಡೆಯ ಎಡಬಲ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧ ಕಾಣಲಿಲ್ಲ. ಕಾಣಲಿಲ್ಲ ಎಂದೇ ಬರೆದು ಪದವಿ ತಂದರು. ಮುಂದೆ ಇಲ್ಲಿಯ ಡೆಕ್ಕನ್ ಕಾಲೇಜಿನಲ್ಲಿ ಬಹುಕಾಲ ಕೆಲಸ ಮಾಡಿದರು. ಗುರು ಬಯಸಿದ ಉತ್ತರ ಅಂಕಿಯಲ್ಲಿ ಇಲ್ಲ ಎಂದು ಗುರುವಿಗೇ ಹೇಳುವುದು ಸಣ್ಣ ಮಾತಲ್ಲ. ನಾನಾದರೋ ಅಂದು ಕ್ಲಾಸಿನಲ್ಲಿ ನಕ್ಕುಬಿಟ್ಟೆ.

ಲೆವಾಂಟಿನ್ನರೇ ೧೯೭೨ರಲ್ಲಿ ರಕ್ತದ ಗುಂಪು, ಪ್ರೋಟೀನುಗಳ ಭೇದ ಹಿಡಿದು ಇಡೀ ಮನುಷ್ಯಕುಲದ ಲೆಕ್ಕ ಹಂಚಿದರು. ಒಟ್ಟು ಭೇದದಲ್ಲಿ ನೂರಕ್ಕೆ ಸುಮಾರು ೮೫ ಪಾಲು ಒಂದೇ ಜನಸಮುದಾಯದ ಒಳಗೇ ಇದೆ. ಜನಾಂಗ ಜನಾಂಗಗಳ ನಡುವಿನದು ನೂರಕ್ಕೆ ಆರೇಳು ಮಾತ್ರ. ಹಲವಾರು ಜೀನುಗಳನ್ನು ಒಟ್ಟಿಗೆ ನೋಡಿದರೆ ಒಬ್ಬನ ಪೂರ್ವಿಕರು ಯಾವ ಕಡೆಯವರು ಎಂದು ಗುರುತಿಸಬಹುದು ಅಂತ ೨೦೦೩ರಲ್ಲಿ ಎಡ್ವರ್ಡ್ಸ್ ಆಕ್ಷೇಪ ಎತ್ತಿದರು. ಅದೂ ನಿಜವೇ. ಆದರೆ ಒಬ್ಬಳ ಊರು ಗುರುತಿಸಿದ ಮಾತ್ರಕ್ಕೆ ಅವಳ ಮಾರ್ಕು ಹೇಳಿದಂತಾಗಲಿಲ್ಲ.

ಇನ್ನೊಂದು ಮಾತು. ಹುಟ್ಟಿನಿಂದ ಬಂದದ್ದು ಎಂದರೆ ಬದಲಾಗದ್ದು ಎಂದೇ ನಾವು ತಿಳಿಯುತ್ತೇವೆ. ಫಿನೈಲ್‌ಕೀಟೋನ್ಯೂರಿಯ ಎಂಬ ರೋಗವಿದೆ. ಅದು ಅಪ್ಪಟ ಹುಟ್ಟಿನದು, ಜೀನಿನದು. ಹಾಗೇ ಬಿಟ್ಟರೆ ಮಗುವಿನ ಬುದ್ಧಿ ಬೆಳೆಯುವುದಿಲ್ಲ. ಹುಟ್ಟಿದ ಕೂಡಲೇ ಕಂಡುಹಿಡಿದು, ಊಟದಲ್ಲಿ ಒಂದು ಅಂಶ ಕಡಿಮೆ ಮಾಡಿದರೆ ಮಗು ಚೆನ್ನಾಗಿ ಬೆಳೆಯುತ್ತದೆ. ಸುಟ್ಟರೂ ಹೋಗದ ಹುಟ್ಟುಗುಣ ಪಥ್ಯಕ್ಕೆ ಮಣಿಯಿತು!

ಈಗ ನನ್ನ ೧೪ ಮಾರ್ಕಿನ ಕತೆ ಮುಗಿಸುತ್ತೇನೆ. ಆ ಪೇಪರನ್ನು ಮತ್ತೆ ತೆಗೆದು ನೋಡಿದೆ. ಸರಾಸರಿ, ಮಧ್ಯಾಂಕ, ಬಹುಲಕ ಎಲ್ಲ ನನಗೆ ಶಾಲೆಯಲ್ಲೇ ಬರುತ್ತಿದ್ದವು. ಮೀನ್, ಮೀಡಿಯನ್, ಮೋಡ್ ಎಂದಾಗ ಯಾವುದು ಯಾವುದೆಂದು ತೊಡರಿದ್ದೆ. ಎರಡು ಪ್ರಶ್ನೆಗಳಲ್ಲಿ ಲೆಕ್ಕ ಗೊತ್ತಿತ್ತು, ಪ್ರಶ್ನೆ ಗೊತ್ತಾಗಿರಲಿಲ್ಲ. ಆ ಟೆಸ್ಟು ಅಳೆದದ್ದು ನನ್ನ ಲೆಕ್ಕವನ್ನೋ ನನ್ನ ಇಂಗ್ಲಿಷನ್ನೋ? ಮುಂದಿನ ಟೆಸ್ಟಿನಲ್ಲಿ ೨೭ ಬಂತು. ಕಷ್ಟಪಟ್ಟು ಓದಿದ್ದಕ್ಕೆ ಎಂದು ಹೇಳಿಕೊಳ್ಳಲು ಆಸೆ. ಆದರೆ ಗಾಲ್ಟನ್ ಸುಮ್ಮನಿರಲು ಬಿಡುವುದಿಲ್ಲ: ಮೊದಲ ಸಲ ಬಹಳ ಕೆಳಗೆ ಬಿದ್ದವರು ಎರಡನೆಯ ಸಲ ತಾವಾಗಿ ಸ್ವಲ್ಪ ಸರಾಸರಿಯತ್ತ ಸರಿಯುತ್ತಾರೆ. ಅಷ್ಟು ಪಾಲು ಅದೃಷ್ಟಕ್ಕೆ ಬಿಟ್ಟುಕೊಡುತ್ತೇನೆ. ಉಳಿದದ್ದು ನನ್ನದು.

ಗೆಳತಿಯರೇ, ಗೆಳೆಯರೇ, ಸಿಟ್ಟಿನಿಂದ ಶುರು ಮಾಡಿದ್ದನ್ನು ಸಿಟ್ಟಿನಿಂದ ಮುಗಿಸಬಾರದು. ನನ್ನದು ಎರಡು ಸೂಚನೆ. ಒಂದು, ಈ ಜೂನಿನಲ್ಲಿ ಎಫ್.ವೈ.ಗೆ ಗಡಿಭಾಗದಿಂದ ಬರುವ ಹುಡುಗ ಹುಡುಗಿಯರಿಗೆ ಶನಿವಾರ ಸಂಜೆ ನಮ್ಮ ಸಂಘದ ಕೋಣೆಯಲ್ಲಿ ಒಂದು ತಾಸು ಕೂತು, ಅವರಿಗೆ ಗೊತ್ತಿರುವ ಕನ್ನಡ ಪದಕ್ಕೆ ಇಲ್ಲಿಯ ಇಂಗ್ಲಿಷ್ ಪದ ಯಾವುದು ಎಂದು ಹೇಳಿಕೊಡೋಣ. ಲೆಕ್ಕದ ಪದಗಳ ಪಟ್ಟಿ ನಾನು ಬರೆದು ಕೊಡುತ್ತೇನೆ. ಮಡ್ಡಿಯಿಂದ ಬಂದ ಬೀಜಕ್ಕೆ ಒಂದು ಬುಟ್ಟಿ ಗೊಬ್ಬರ ಅಷ್ಟೇ. ಎರಡು, ಇದು ಹೆಚ್ಚು ಕಷ್ಟದ್ದು. "ಅವರ ಜಾತಿಯೇ ಹಂಗ" ಎಂಬ ಮಾತು ನಮ್ಮ ಮನೆಯಲ್ಲಿ, ನಮ್ಮ ಬಾಯಲ್ಲಿ ಬಂದಾಗ ನಾವೇ ತಡೆಯೋಣ. ನನ್ನ ಮೇಲೆ ಬಿದ್ದಾಗ ಮಾತ್ರ ಉರಿಯುವ ಮಾತನ್ನು ಇನ್ನೊಬ್ಬರ ಮೇಲೆ ಒಗೆಯುವ ಹಕ್ಕು ನನಗೆಲ್ಲಿದೆ?

ದಪ್ಪ ತೆನೆ ಕಂಡರೂ ಸಣ್ಣ ತೆನೆ ಕಂಡರೂ ನಮ್ಮ ಅಜ್ಜಿ ಮೊದಲು ಕೇಳುತ್ತಿದ್ದದ್ದು ಒಂದೇ: "ಎಲ್ಲಿ ನಿಂತಿತ್ತು?" ಮನುಷ್ಯರನ್ನು ತೂಗುವ ಮೊದಲು ನಾವೂ ಅಷ್ಟು ಕೇಳಿದರೆ ಸಾಕು.